ಕ್ವಿನ್ಸಿ ತಾಮ್ರದ ಗಣಿಯ ದೈತ್ಯ ಹಾಯ್ಸ್ಟ್ ನೋಡ್ಕೊಂಡ್ ಬಂದೆ, ಒಂದಿಷ್ಟು ಪ್ರಶ್ನೆ ಇದೆ

ಸುತ್ತಾಟಪ್ರಿಯ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಹೋದ ತಿಂಗಳು ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದ ತುದಿಗೆ ಹೋಗಿದ್ವಿ, ಸುಪೀರಿಯರ್ ಸರೋವರದೊಳಕ್ಕೆ ಚಾಚ್ಕೊಂಡಿರೋ ಕೀವಿನಾ ಅನ್ನೋ ಜಾಗ. ಅಲ್ಲಿ ಹ್ಯಾನ್ಕಾಕ್ ಊರಿನ ಗುಡ್ಡದ ಮೇಲೆ ಕ್ವಿನ್ಸಿ ಅಂತ ಹಳೇ ತಾಮ್ರದ ಗಣಿ ಇದೆ, 1846ರಲ್ಲಿ ಶುರುವಾದ ಕಂಪನಿ, 1945ರಲ್ಲಿ ಮುಚ್ಚಿದ್ದು. ಈಗ ಗಣಿ ಇಲ್ಲ, ಆದ್ರೆ ಅದರ ಯಂತ್ರಗಳನ್ನ ಹಾಗೇ ಉಳಿಸ್ಕೊಂಡಿದಾರೆ. ನಾನು ಮೆಕ್ಯಾನಿಕಲ್ ಓದಿದವನಲ್ಲ, ಆದ್ರೆ ಹಳೇ ಯಂತ್ರ ಕಂಡ್ರೆ ಕಾಲು ಮುಂದಕ್ಕೆ ಹೋಗಲ್ಲ. ಅಲ್ಲಿರೋ ನಾರ್ಡ್‌ಬರ್ಗ್ ಸ್ಟೀಮ್ ಹಾಯ್ಸ್ಟ್, ಅಂದ್ರೆ ಡ್ರಮ್ಮಿಗೆ ಹಗ್ಗ ಸುತ್ತಿ ಗಣಿಯಾಳದಿಂದ ಕಲ್ಲು ಮೇಲೆಳೆಯೋ ಉಗಿ ಯಂತ್ರ, ನೋಡಿ ಬಾಯಿಗೆ ಬೆರಳಿಟ್ಕೊಂಡು ನಿಂತ್ಬಿಟ್ಟೆ. ಉಗಿಯಿಂದ ನಡೆಯೋ ಹಾಯ್ಸ್ಟ್‌ಗಳಲ್ಲಿ ಜಗತ್ತಲ್ಲೇ ದೊಡ್ಡದು ಅಂತಾರೆ, ತೂಕ 880 ಟನ್, ಹಗ್ಗ ಸುತ್ತೋ ಡ್ರಮ್ಮೇ 30 ಅಡಿ ವ್ಯಾಸ, ಅಂದ್ರೆ ಮೂರು ಅಂತಸ್ತಿನ ಮನೆಯಷ್ಟು ಎತ್ತರದ ಚಕ್ರ ಒಂದು ಕಟ್ಟಡದೊಳಗೆ ಕೂತಿದೆ ಅಂತ ಅಂದ್ಕೊಳಿ. ಗಣಿಯ ಆಳ 9,260 ಅಡಿಯಂತೆ!!

ಗೈಡ್ ಚೆನ್ನಾಗೇ ಹೇಳಿದ್ರು, ಆದ್ರೆ ಗುಂಪು ದೊಡ್ಡದಿತ್ತು, ಹಿಂದೆ ನಿಂತಿದ್ದ ನನಗೆ ಅರ್ಧ ಕೇಳಿಸ್ಲಿಲ್ಲ. ವಾಪಸ್ ಬಂದ್ಮೇಲೂ ತಲೆಯಲ್ಲಿ ಅದೇ ತಿರುಗ್ತಿದೆ. ನನ್ನ ಪ್ರಶ್ನೆಗಳು ಇವು. ಒಂದು, ಡ್ರಮ್ಮು ಡಬ್ಬಿ ಥರ ನೇರವಾಗಿಲ್ಲ, ನಡುವೆ ದಪ್ಪ, ಎರಡೂ ಕಡೆ ಇಳಿಜಾರಾಗಿ ಸಣ್ಣ ಆಗತ್ತೆ, ಬುಗುರಿ ಎರಡನ್ನ ಬೆನ್ನಿಗೆ ಬೆನ್ನು ಸೇರಿಸಿದ ಹಾಗೆ, ಯಾಕೆ? ಎರಡು, ಇಷ್ಟು ಖರ್ಚು ಮಾಡಿ ಕಟ್ಟಿದ್ದು 1920ರಿಂದ 1931ರ ತನಕ ಮಾತ್ರ ಓಡ್ತಂತೆ, ಹನ್ನೊಂದೇ ವರ್ಷ, ಅದು ಹೇಗೆ? ಮೂರನೇದು ನನಗೆ ನಿಜವಾಗ್ಲೂ ಕಾಡ್ತಿರೋದು, ಅದನ್ನ ಮತ್ತೆ ತಿರುಗಿಸಿ ತೋರಿಸ್ಬಾರ್ದಾ? ಹೊರಗಡೆ ಬಯಲಲ್ಲಿ ನಿಂತಿರೋ ಸಾಮಾನುಗಳಿಗೆಲ್ಲ ತುಕ್ಕು ಹಿಡಿದಿದೆ, ಒಂದು ಕೋಟ್ ಬಣ್ಣ ಹೊಡೆದ್ರೆ ಆಗಲ್ವಾ? ತಿಳಿದವ್ರು ದಯವಿಟ್ಟು ಹೇಳಿ.

ಹಗ್ಗದಗಾಲಿ:

ಒಳ್ಳೇ ಪ್ರಶ್ನೆ ಕೇಳಿದೀರ. ನಾನು ಮೂವತ್ತು ವರ್ಷ ಗಣಿಯ ವೈಂಡಿಂಗ್ ಎಂಜಿನ್‌ಗಳ, ಅಂದ್ರೆ ಇಂಥ ಹಾಯ್ಸ್ಟ್‌ಗಳ ಕೆಲಸದಲ್ಲೇ ಇದ್ದವನು, ನಿಮ್ಮ ಮೊದಲನೇ ಪ್ರಶ್ನೆ ನಂದು.

ಅದಕ್ಕೂ ಮುಂಚೆ ಒಂದು ಸಣ್ಣ ತಿದ್ದುಪಡಿ. 9,260 ಅಡಿ ಅನ್ನೋದು ನೇರ ಆಳ ಅಲ್ಲ, ಓರೆಯಾಗಿ ಇಳಿದ ಉದ್ದ. ಅಲ್ಲಿ ತಾಮ್ರದ ಪದರ ಇಳಿಜಾರಾಗಿ ಭೂಮಿಯೊಳಕ್ಕೆ ಹೋಗತ್ತೆ, ಶಾಫ್ಟ್, ಅಂದ್ರೆ ಗಣಿಯೊಳಕ್ಕೆ ಇಳಿಯೋ ಬಾವಿಯಂಥ ದಾರಿ, ಅದೂ ಆ ಪದರದ ಬೆನ್ನು ಹಿಡ್ಕೊಂಡೇ ಹೋಗಿದೆ. ನೇರವಾಗಿ ಅಳೆದ್ರೆ ಸುಮಾರು 6,200 ಅಡಿ. ಅದೂ ಕಮ್ಮಿ ಏನಲ್ಲ, ಒಂದರ ಕೆಳಗೊಂದು 92 ಹಂತ ಅಂದ್ರೆ ಸುಮ್ನೆ ಅಲ್ಲ.

ಈಗ ಡ್ರಮ್ ವಿಷಯ. ಆಳವಾದ ಬಾವಿಯಲ್ಲಿ ನೀರು ಸೇದಿದ್ರೆ ಕೈಗೇ ಗೊತ್ತಾಗತ್ತೆ, ಕೊಡ ತಳದಲ್ಲಿದ್ದಾಗ ಕೊಡದ ಜೊತೆ ಇಡೀ ಹಗ್ಗವನ್ನೂ ಎಳೀಬೇಕು, ಮೇಲೆ ಬರ್ತಾ ಬರ್ತಾ ಹಗುರ ಆಗತ್ತೆ. ಇಲ್ಲಿ ಹಗ್ಗ ಉಕ್ಕಿನದು, ಒಂದು ಇಂಚಿನ ಮೇಲೆ ಇನ್ನೂ ಎಂಟರಲ್ಲಿ ಐದು ಭಾಗ ಇಂಚು ದಪ್ಪ, ಉದ್ದ 13,300 ಅಡಿ. ಆ ದಪ್ಪದ ಉಕ್ಕಿನ ರೋಪ್ ಅಡಿಗೆ ಹೆಚ್ಚುಕಮ್ಮಿ 4 ಪೌಂಡ್ ತೂಗತ್ತೆ. ಸ್ಕಿಪ್, ಅಂದ್ರೆ ಕಲ್ಲು ತುಂಬೋ ಉಕ್ಕಿನ ತೊಟ್ಟಿ, ತಳದಲ್ಲಿದ್ದಾಗ 9,000 ಅಡಿ ಹಗ್ಗ ಹೊರಗಿರತ್ತೆ ಅಂತ ಲೆಕ್ಕ ಹಾಕಿ, ಬರೀ ಹಗ್ಗವೇ 18 ಟನ್ ಆಯ್ತು. ಓರೆ ದಾರಿ ಆದ್ದರಿಂದ ಅದರಲ್ಲಿ ಮೂರನೇ ಎರಡು ಭಾಗ ಡ್ರಮ್ಮನ್ನ ಎಳೆಯತ್ತೆ ಅಂದ್ರೂ 12 ಟನ್. ಸ್ಕಿಪ್ ಒಳಗಿರೋ ಕಲ್ಲು ಎಷ್ಟು? 10 ಟನ್. ಅಂದ್ರೆ ಸರಕಿಗಿಂತ ಹಗ್ಗವೇ ಭಾರ! ಆಳದ ಗಣಿಯ ನಿಜವಾದ ತಲೆನೋವು ಇದೇ.

ಅಲ್ಲಿ ಎರಡು ಸ್ಕಿಪ್, ಒಂದು ತುಂಬಿ ಮೇಲೆ ಬರೋವಾಗ ಇನ್ನೊಂದು ಖಾಲಿ ಕೆಳಗೆ ಹೋಗತ್ತೆ, ಎರಡರ ಹಗ್ಗವೂ ಅದೇ ಡ್ರಮ್ಮಿಗೆ, ಆದ್ರೆ ಎದುರುಬದುರು ಸುತ್ತು. ತುಂಬಿದ ಸ್ಕಿಪ್ ತಳ ಬಿಡೋವಾಗ ಅದರ ಹಗ್ಗ ಡ್ರಮ್ಮಿನ ಸಣ್ಣ ತುದಿಯಲ್ಲಿ ಸುತ್ಕೊಳ್ಳಕ್ಕೆ ಶುರು ಮಾಡತ್ತೆ, ಅದೇ ಹೊತ್ತಿಗೆ ಮೇಲಿರೋ ಖಾಲಿ ಸ್ಕಿಪ್ಪಿನ ಹಗ್ಗ ನಡುವಿನ ದಪ್ಪ ಭಾಗದಿಂದ ಬಿಚ್ಕೊಳ್ತಿರತ್ತೆ. ಭಾರ ಇರೋ ಕಡೆ ಡ್ರಮ್ಮಿನ ಸುತ್ತು ಸಣ್ಣದು, ಹಗುರ ಇರೋ ಕಡೆ ಸುತ್ತು ದೊಡ್ಡದು, ತಕ್ಕಡಿಯಲ್ಲಿ ಕೈ ಸರಿಸಿ ತೂಕ ಸಮ ಮಾಡ್ತೀವಲ್ಲ ಹಾಗೇ. ಅರ್ಧ ದಾರಿ ದಾಟಿದ ಮೇಲೆ ಪಾತ್ರ ಅದಲುಬದಲು. ಇದರಿಂದ ಎಂಜಿನ್ ಮೇಲೆ ಬೀಳೋ ಟಾರ್ಕ್, ಅಂದ್ರೆ ಡ್ರಮ್ಮನ್ನ ತಿರುಗಿಸಕ್ಕೆ ಬೇಕಾದ ಬಲ, ಶುರುವಿಂದ ಕೊನೇವರೆಗೂ ಹೆಚ್ಚು ಏರುಪೇರಾಗಲ್ಲ, ಉಗಿ ಉಳಿಯತ್ತೆ, ಕಲ್ಲಿದ್ದಲು ಉಳಿಯತ್ತೆ. ಇನ್ನೊಂದು ಚಂದ ನೋಡಿ, ಒಂದು ಹಗ್ಗ ಬಿಚ್ಚಿಕೊಂಡು ಖಾಲಿ ಮಾಡಿದ ಜಾಗದಲ್ಲೇ ಇನ್ನೊಂದು ಬಂದು ಸುತ್ಕೊಳತ್ತೆ, ಹಾಗಾಗಿ ಡ್ರಮ್ ಇಷ್ಟರಲ್ಲೇ ಮುಗೀತು, ಇಲ್ದಿದ್ರೆ ಇನ್ನೂ ಅಗಲ ಬೇಕಿತ್ತು.

ವೇಗ ನಿಮಿಷಕ್ಕೆ 3,200 ಅಡಿ, ಗಂಟೆಗೆ ಸುಮಾರು 58 ಕಿಲೋಮೀಟರ್. ಹತ್ತು ಟನ್ ಕಲ್ಲು ಕತ್ತಲಲ್ಲಿ ಆ ವೇಗದಲ್ಲಿ ಬರ್ತಾ ಇದ್ರೆ ಡ್ರೈವರ್‌ಗೆ ಅದು ಕಾಣ್ಸಲ್ಲ, ಅವನಿಗೆ ಕಾಣೋದು ಎದುರಿಗಿರೋ, ಸ್ಕಿಪ್ ಎಲ್ಲಿದೆ ಅಂತ ತೋರಿಸೋ ದೊಡ್ಡ ಡಯಲ್ಲಿನ ಮುಳ್ಳು, ಕೇಳ್ಸೋದು ಕೆಳಗಿಂದ ಬರೋ ಗಂಟೆ ಸದ್ದು, ಅಷ್ಟೇ. ಆ ಮುಳ್ಳಿನ ಮೇಲೆ ಕಣ್ಣು ಕೀಲಿಸಿ ಪಾಳಿ ಪೂರ್ತಿ ಕೂರೋದು ಅಂದ್ರೆ ಏನು ಅಂತ ನನಗೆ ಗೊತ್ತು. ನೀವು ಆ ಡಯಲ್ ನೋಡಿದ್ರಾ?

ಸುತ್ತಾಟಪ್ರಿಯ:

ಸರ್, ಹಗ್ಗವೇ ಸರಕಿಗಿಂತ ಭಾರ ಅಂತ ಓದಿ ಮತ್ತೆ ಫೋಟೋ ತೆಗೆದು ನೋಡ್ದೆ, ಈಗ ಆ ಡ್ರಮ್ಮೇ ಬೇರೆ ಥರ ಕಾಣ್ತಿದೆ. ಡಯಲ್ ನೋಡ್ದೆ ಸರ್, ಗೋಡೆ ಗಡಿಯಾರದ ಅಪ್ಪನ ಥರ ಇತ್ತು, ಆದ್ರೆ ಅದೇನು ಅಂತ ಗೊತ್ತಾಗದೆ ಮುಂದೆ ಹೋಗ್ಬಿಟ್ಟೆ. ಬೇಜಾರಾಗ್ತಿದೆ.

ತಾಮ್ರದತಂತಿ:

ಹನ್ನೊಂದು ವರ್ಷದ ಪ್ರಶ್ನೆಗೆ ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಕೀವಿನಾ ತಾಮ್ರದ ವಿಶೇಷ ಏನಂದ್ರೆ ಅದು ಅದಿರಲ್ಲ, ಲೋಹವೇ. ಬೇರೆ ಕಡೆ ತಾಮ್ರ ಗಂಧಕದ ಜೊತೆ ಸೇರ್ಕೊಂಡಿರತ್ತೆ, ಹುರಿದು ಕರಗಿಸಿ ಬಿಡಿಸ್ಬೇಕು. ಇಲ್ಲಿ ಹಳೇ ಲಾವಾ ಕಲ್ಲಿನ ಗುಳ್ಳೆಗಳೊಳಗೆ, ಬಿರುಕುಗಳೊಳಗೆ ಶುದ್ಧ ತಾಮ್ರವೇ ಕೂತಿದೆ. ಕೆಲವು ಸಲ ಟನ್‌ಗಟ್ಟಲೆ ತೂಗೋ ಒಂದೇ ಮುದ್ದೆ. ಕೇಳಕ್ಕೆ ಭಾಗ್ಯ ಅನ್ಸತ್ತೆ, ಆದ್ರೆ ಗಣಿಯವರಿಗೆ ಅದೊಂದು ಕಷ್ಟ, ಯಾಕಂದ್ರೆ ಕಲ್ಲು ಮದ್ದಿಗೆ ಸಿಡಿಯತ್ತೆ, ತಾಮ್ರ ಸಿಡಿಯಲ್ಲ, ಬಗ್ಗತ್ತೆ ಅಷ್ಟೇ. ಸುತ್ತಲ ಕಲ್ಲನ್ನ ಸಿಡಿಸಿ ಮುದ್ದೆಯನ್ನ ಬಿಡಿಸ್ಕೊಂಡು, ಆಮೇಲೆ ಒಬ್ಬ ಉದ್ದ ಉಳಿ ಹಿಡಿಯೋದು, ಉಳಿದವ್ರು ಸುತ್ತಿಗೆಯಿಂದ ಹೊಡೆಯೋದು, ತೆಳ್ಳಗೆ ಸೀಳಿ ಸೀಳಿ ಕಾಲುವೆ ತೋಡಿ ತುಂಡು ಮಾಡೋದು. ಒಂದು ಮುದ್ದೆಗೆ ವಾರಗಟ್ಟಲೆ ಹಿಡೀತಿತ್ತು. ಆ ಉಳಿಗಳನ್ನ, ಉಳಿಯಿಂದ ಸುರುಳಿ ಸುರುಳಿಯಾಗಿ ಬಂದ ತಾಮ್ರದ ಚೂರುಗಳನ್ನ ಆ ಭಾಗದ ಮ್ಯೂಸಿಯಂಗಳಲ್ಲಿ ಇಟ್ಟಿದಾರೆ. ದೊಡ್ಡ ಯಂತ್ರ ನೋಡೋ ಭರದಲ್ಲಿ ಜನ ಅದನ್ನ ಬಿಟ್ಬಿಡ್ತಾರೆ, ನೀವು ಬಿಡ್ಬೇಡಿ.

ಕ್ವಿನ್ಸಿ ಕಂಪನಿಗೆ "ಹಳೇ ನಂಬಿಗಸ್ತ" ಅನ್ನೋ ಅರ್ಥದ ಅಡ್ಡಹೆಸರಿತ್ತು, 1868ರಿಂದ 1920ರ ತನಕ ಒಂದು ವರ್ಷವೂ ತಪ್ಪದೆ ಶೇರುದಾರರಿಗೆ ಲಾಭಾಂಶ ಕೊಟ್ಟಿತ್ತು. ಇಲ್ಲೇ ನೋಡಿ, ಹಾಯ್ಸ್ಟ್ ಕೆಲಸ ಶುರು ಮಾಡಿದ್ದು 1920ರ ಕೊನೆಗೆ, ಲಾಭಾಂಶ ಕೊಟ್ಟ ಕೊನೇ ವರ್ಷವೂ ಅದೇ. ಮೊದಲ ಮಹಾಯುದ್ಧದಲ್ಲಿ ತಾಮ್ರಕ್ಕೆ ಬಂಗಾರದ ಬೆಲೆ ಬಂದಿತ್ತು, ಆ ಧೈರ್ಯದಲ್ಲಿ ಮಿಲ್ವಾಕಿಯ ನಾರ್ಡ್‌ಬರ್ಗ್ ಕಂಪನಿಗೆ ಆರ್ಡರ್ ಹೋಯ್ತು, 1918ರಲ್ಲಿ ಕಟ್ಟಡ ಎದ್ದಿತು, ಯಂತ್ರ ಕೂರಿಸಿ ಮುಗಿಸೋ ಹೊತ್ತಿಗೆ ಯುದ್ಧ ಮುಗಿದು ಬೆಲೆ ಬಿದ್ದಿತ್ತು. ಇನ್ನೊಂದು ಕಡೆ ಯೂಟಾ, ಅರಿಜೋನಾ ಕಡೆಯ ತೆರೆದ ಗಣಿಗಳಲ್ಲಿ ಸ್ಟೀಮ್ ಶವಲ್, ಅಂದ್ರೆ ಉಗಿಯ ದೈತ್ಯ ಸಲಿಕೆ, ಹಾಕಿ ಗುಡ್ಡವನ್ನೇ ಬಾಚ್ತಿದ್ರು, ಅವರದ್ದು ಬಡ ಅದಿರು, ಆದ್ರೆ ಅಗ್ಗ. ಇವರು ಒಂಬತ್ತು ಸಾವಿರ ಅಡಿ ಕೆಳಗಿಂದ ಎಳ್ಕೊಂಡ್ ಬರ್ಬೇಕು. ಎಷ್ಟು ಒಳ್ಳೇ ಹಾಯ್ಸ್ಟ್ ಇದ್ರೂ ಆ ದೂರವನ್ನ ಕಮ್ಮಿ ಮಾಡಕ್ಕಾಗಲ್ಲ. 1931ರ ಆರ್ಥಿಕ ಕುಸಿತದಲ್ಲಿ ಗಣಿ ನಿಂತಿತು. 1937ರಲ್ಲಿ ಮತ್ತೆ ತೆಗೆದ್ರು, ಆದ್ರೆ ಬೇರೆ ಶಾಫ್ಟ್‌ಗಳನ್ನ, ಈ ಹಾಯ್ಸ್ಟ್ ಎಳೀತಿದ್ದ ಎರಡನೇ ನಂಬರ್ ಶಾಫ್ಟ್ ಮತ್ತೆ ಎದ್ದೇಳ್ಲಿಲ್ಲ. ಎರಡನೇ ಮಹಾಯುದ್ಧ ಮುಗಿದು ಸರ್ಕಾರದ ಬೆಂಬಲ ಬೆಲೆ ನಿಂತ ಮೇಲೆ 1945ರಲ್ಲಿ ಪೂರ್ತಿ ಬಾಗಿಲು ಹಾಕಿದ್ರು. ಈಗ ಏಳನೇ ಹಂತದಿಂದ ಕೆಳಗೆ ಎಲ್ಲಾ ನೀರು, ಎಂಬತ್ತೈದು ಹಂತ ಮುಳುಗಿದೆ.

ಹನ್ನೊಂದೇ ವರ್ಷ ದುಡಿದಿದ್ದರಿಂದ ಒಂದು ಲಾಭವೂ ಆಯ್ತು, ಯಂತ್ರ ಸವೆದಿಲ್ಲ. ನೀವು ನೋಡಿದ್ದು ಹೆಚ್ಚುಕಮ್ಮಿ ಹೊಸ ಯಂತ್ರ.

ಹಾ, ನಾರ್ಡ್‌ಬರ್ಗ್ ಕಂಪನಿ ಕಟ್ಟಿದ ಬ್ರೂನೋ ನಾರ್ಡ್‌ಬರ್ಗ್ ಹುಟ್ಟಿದ್ದು ಫಿನ್ಲೆಂಡಲ್ಲಿ. ಕೀವಿನಾದ ಗಣಿಗಳಲ್ಲೂ ಫಿನ್ಲೆಂಡಿಂದ ವಲಸೆ ಬಂದ ಕೂಲಿಗಳು ತುಂಬಾ ಇದ್ರು. ಮೇಲೆ ಯಂತ್ರ, ಕೆಳಗೆ ಕೂಲಿ, ಎರಡೂ ಒಂದೇ ನಾಡಿನ ಕೈ.

ಹಳೇಕಬ್ಬಿಣ:

ಮೂರನೇ ಪ್ರಶ್ನೆಗೆ ಬರ್ತೀನಿ, ನಾನು ಹಳೇ ಯಂತ್ರಗಳ ಸಂರಕ್ಷಣೆ ಕೆಲಸ ಮಾಡೋವ್ನು, ಈ ಪ್ರಶ್ನೆ ನಮಗೆ ದಿನಾ ಬರತ್ತೆ. "ಬಣ್ಣ ಹೊಡೀಬಾರ್ದಾ, ಓಡಿಸ್ಬಾರ್ದಾ?" ಕೇಳೋರ ಮೇಲೆ ನನಗೆ ಯಾವತ್ತೂ ಸಿಟ್ಟಿಲ್ಲ, ಪ್ರೀತಿಯಿಂದಲೇ ಕೇಳ್ತಾರೆ.

ಬಣ್ಣ ಮೊದಲು. ಹಳೇ ಯಂತ್ರದ ಮೇಲಿರೋ ಬಣ್ಣದ ಪದರವೇ ಒಂದು ದಾಖಲೆ. ಫ್ಯಾಕ್ಟರಿಯಿಂದ ಬಂದಾಗ ಯಾವ ಬಣ್ಣ, ಆಮೇಲೆ ಯಾವುದು, ಎಲ್ಲಿ ಕೈ ತಾಗಿ ತಾಗಿ ಸವೆದಿದೆ, ಡ್ರೈವರ್ ಯಾವ ಹಿಡಿಕೆ ಹೆಚ್ಚು ಹಿಡೀತಿದ್ದ, ಎಣ್ಣೆ ಎಲ್ಲಿ ಸೋರ್ತಿತ್ತು, ಇದೆಲ್ಲ ಅಲ್ಲಿ ಬರ್ದಿರತ್ತೆ. ಸ್ಯಾಂಡ್‌ಬ್ಲಾಸ್ಟ್, ಅಂದ್ರೆ ರಭಸವಾಗಿ ಮರಳು ಚಿಮ್ಮಿಸಿ ಉಜ್ಜೋದು, ಮಾಡಿ ಪಳಪಳ ಅನ್ನಿಸಿದ್ರೆ ಒಂದೇ ಮಧ್ಯಾಹ್ನದಲ್ಲಿ ಅಷ್ಟೂ ಅಳಿಸಿ ಹೋಗತ್ತೆ, ಮತ್ತೆ ತರಕ್ಕಾಗಲ್ಲ. ಜೊತೆಗೆ ಆ ಕಾಲದ ಬಣ್ಣದಲ್ಲಿ ಸೀಸ ಇರತ್ತೆ, ಉಗಿ ಪೈಪಿಗೆ ಸುತ್ತಿದ್ದು ಸಾಮಾನ್ಯವಾಗಿ ಕಲ್ನಾರು, ಅದನ್ನ ಕೆರೆದು ಗಾಳಿಗೆ ಬಿಟ್ರೆ ಉಸಿರಾಡೋರಿಗೆ ಅಪಾಯ. ಹಾಗಾಗಿ ಕೆಲಸ ಹೇಗಿರತ್ತೆ ಅಂದ್ರೆ ಧೂಳು ತೆಗಿ, ಒರೆಸು, ಬರಿ ಉಕ್ಕಿನ ಮೈಗೆ ಎಣ್ಣೆನೋ ಮೇಣನೋ ತೆಳ್ಳಗೆ ಬಳಿ, ಫೋಟೋ ತೆಗೆದು ಬರ್ದಿಡು, ಮುಂದಿನ ವರ್ಷ ಮತ್ತೆ ಅದೇ.

ಕೀವಿನಾದಲ್ಲಿ ಇನ್ನೊಂದು ಶತ್ರು ಇದೆ, ವಸಂತ ಕಾಲ. ಅಲ್ಲಿ ಚಳಿಗಾಲಕ್ಕೆ ಸರಾಸರಿ 200 ಇಂಚಿಗಿಂತ ಹೆಚ್ಚು ಹಿಮ ಬೀಳತ್ತೆ. ಅಷ್ಟು ತಿಂಗಳು ತಣ್ಣಗಾದ 880 ಟನ್ ಕಬ್ಬಿಣ ಬೇಗ ಬೆಚ್ಚಗಾಗಲ್ಲ, ಹೊರಗೆ ಬಿಸಿಲು ಬಂದು ತೇವದ ಬೆಚ್ಚನೆ ಗಾಳಿ ಒಳಗೆ ನುಗ್ಗಿದ್ರೆ ಫ್ರಿಜ್ಜಿಂದ ತೆಗೆದ ಬಾಟಲಿ ಥರ ಇಡೀ ಯಂತ್ರ ಬೆವರತ್ತೆ. ಮಳೆಗಿಂತ ಈ ಬೆವರೇ ಒಳಾಂಗಣದ ಯಂತ್ರಗಳನ್ನ ತಿನ್ನೋದು. ಬಾಗಿಲು ಯಾವಾಗ ತೆಗೀಬೇಕು, ಯಾವಾಗ ಮುಚ್ಬೇಕು ಅನ್ನೋದೂ ಸಂರಕ್ಷಣೆಯೇ.

ಇನ್ನು ಓಡಿಸೋದು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಸಮುದ್ರದ ಕಡಿಬಂಡೆ ಮೇಲೆ, ಲೆವಾಂಟ್ ಅಂತ ತಾಮ್ರ ಮತ್ತು ತವರದ ಗಣಿ ಇದೆ. ಅಲ್ಲಿ 1840ರ ಬೀಮ್ ಎಂಜಿನ್, ಅಂದ್ರೆ ದೊಡ್ಡ ದೂಲವನ್ನ ಎತ್ತಿ ಇಳಿಸೋ ಉಗಿ ಯಂತ್ರ, ಒಂದು ಗುಜರಿಗೆ ಹೋಗೋದ್ರಲ್ಲಿತ್ತು, 1935ರಲ್ಲಿ ಕೆಲವು ಜನ ಸೇರಿ ಉಳಿಸ್ಕೊಂಡ್ರು, ಅದೇ ಮುಂದೆ ಟ್ರೆವಿಥಿಕ್ ಸೊಸೈಟಿ ಆಯ್ತು. ಸ್ವಯಂಸೇವಕರು ವರ್ಷಗಟ್ಟಲೆ ಕೂತು ರಿಪೇರಿ ಮಾಡಿ 1990ರ ದಶಕದಲ್ಲಿ ಮತ್ತೆ ಉಗಿ ಹಾಯಿಸಿದ್ರು, ಅದು ಈಗ್ಲೂ ಆಡತ್ತೆ. ನಾನು ಅದನ್ನ ನೋಡಿದೀನಿ, ಆ ದೂಲ ನಿಧಾನಕ್ಕೆ ಎದ್ದು ಬೀಳೋದನ್ನ ನೋಡ್ತಾ ನಿಂತ್ರೆ ಮೈ ಜುಂ ಅನ್ನತ್ತೆ. ಆದ್ರೆ ಅದು ಸಣ್ಣ ಎಂಜಿನ್. ಕ್ವಿನ್ಸಿಯದ್ದು ನಾಲ್ಕು ಸಿಲಿಂಡರ್, ಎರಡು ಹೆಚ್ಚು ಒತ್ತಡದ್ದು, ಎರಡು ಕಮ್ಮಿ ಒತ್ತಡದ್ದು, ಒಂದೇ ಉಗಿಯನ್ನ ಎರಡು ಸಲ ದುಡಿಸಿ ಆಮೇಲೆ ತಣ್ಣೀರಲ್ಲಿ ತಣಿಸೋ ಏರ್ಪಾಡು. ಅದಕ್ಕೆ ಸಾಕಾಗೋ ಬಾಯ್ಲರ್ ಮನೆ, ಕಂಡೆನ್ಸರ್, ನೀರು, ಪೈಪು, ಎಲ್ಲ ಹೊಸದಾಗಿ ಕಟ್ಬೇಕು, ನೂರು ವರ್ಷದ ಎರಕದ ಕಬ್ಬಿಣಕ್ಕೆ ಮತ್ತೆ ಒತ್ತಡ ಕೊಡ್ಬೇಕು. ಒಂದು ಬಿರುಕು ಬಿಟ್ರೆ ಅಂಥ ಇನ್ನೊಂದು ಭೂಮಿ ಮೇಲಿಲ್ಲ. ನನ್ನ ಮಟ್ಟಿಗೆ ಅದು ನಿಂತೇ ಇರ್ಲಿ.

ಹಗ್ಗದಗಾಲಿ:

ಹಳೇಕಬ್ಬಿಣ ಅವ್ರೇ, ನಿಮ್ಮ ಮಾತು ಒಪ್ತೀನಿ, ಆದ್ರೆ ಪೂರ್ತಿ ಅಲ್ಲ. ನಿಂತ ಹಾಯ್ಸ್ಟ್ ನೋಡಿದವರಿಗೆ ಅದರ ಸದ್ದು, ನೆಲದ ನಡುಕ, ಬಿಸಿ ಎಣ್ಣೆ ವಾಸನೆ ಏನೂ ಗೊತ್ತಾಗಲ್ಲ. ನಾವು ಕೆಲಸ ಮಾಡ್ತಿದ್ದಾಗ ಶಬ್ದ ಒಂಚೂರು ಬೇರೆಯಾದ್ರೂ ಕಿವಿ ನಿಮಿರ್ತಿತ್ತು, ಆ ಜ್ಞಾನವೂ ಉಳಿಸ್ಬೇಕಾದ ಸಾಮಾನೇ ಅಲ್ವಾ? ಉಗಿ ಬೇಡ, ಒಂದು ಸಣ್ಣ ಮೋಟಾರ್ ಹಾಕಿ ನಿಮಿಷಕ್ಕೆ ಅರ್ಧ ಸುತ್ತು ತಿರುಗಿಸಿದ್ರೂ ಸಾಕು.

ಹಳೇಕಬ್ಬಿಣ:

ಸರ್, ನಿಮ್ಮಂಥವರ ಆ ಕಿವಿಯನ್ನ ಉಳಿಸೋಕೆ ದಾರಿ ನಿಮ್ಮನ್ನ ಕೂರಿಸ್ಕೊಂಡು ರೆಕಾರ್ಡ್ ಮಾಡೋದು, ನಿಜವಾಗ್ಲೂ ಹೇಳ್ತಿದೀನಿ. ಮೋಟಾರ್ ಐಡಿಯಾ ಕೆಲವು ಕಡೆ ಮಾಡಿದಾರೆ, ಕೆಟ್ಟದ್ದಲ್ಲ. ಆದ್ರೆ ಮೋಟಾರಲ್ಲಿ ತಿರುಗೋ ಸ್ಟೀಮ್ ಎಂಜಿನ್ ನೋಡಿದ ಮಗು ಅದು ಹಾಗೇ ಓಡ್ತಿತ್ತು ಅಂದ್ಕೊಳತ್ತೆ, ನನಗೆ ಅದೇ ಹೆದರಿಕೆ.

ದೀಪದಕುಡಿ:

ಎಲ್ಲರೂ ಹಾಯ್ಸ್ಟ್ ಬಗ್ಗೆ ಬರೀತಿದೀರ, ಸರಿ, ಆದ್ರೆ ಅಲ್ಲಿ ನನ್ನನ್ನ ತಡೆದು ನಿಲ್ಲಿಸಿದ್ದು ಹೊರಗಿರೋ ಮ್ಯಾನ್ ಕಾರ್. ಮೆಟ್ಟಿಲು ಸಾಲಿಗೆ ಚಕ್ರ ಹಾಕಿದ ಹಾಗಿರತ್ತೆ, ಒಂದು ಸಲಕ್ಕೆ 30 ಜನ, ಒಬ್ಬರ ಮೊಣಕಾಲು ಮುಂದಿನವನ ಬೆನ್ನಿಗೆ ತಾಗೋ ಹಾಗೆ ಕೂತು ಕತ್ತಲಿಗೆ ಇಳಿಯೋದು. ಪಾಳಿ ಬದಲಾದಾಗ ಸ್ಕಿಪ್ ತೆಗೆದು ಇದನ್ನ ಹಗ್ಗಕ್ಕೆ ಸಿಗಿಸ್ತಿದ್ರು. ಸೀಟಿಗೆ ಒರಗೋಕೆ ಏನೂ ಇಲ್ಲ. ನಾನು ಅದರ ಪಕ್ಕ ಹತ್ತು ನಿಮಿಷ ನಿಂತಿದ್ದೆ.

ಇನ್ನೊಂದು ಡ್ರಿಲ್. ಆ ಕಾಲದ ಬಂಡೆ ಕೊರೆಯೋ ಗಾಳಿ ಡ್ರಿಲ್‌ಗಳನ್ನ ನೋಡಿದ್ರೆ ಹಳೇ ಕಬ್ಬಿಣದ ತುಂಡು ಅನ್ಸತ್ತೆ, ಆದ್ರೆ ಅದರ ಹಿಂದೆ ಒಂದು ಮುಷ್ಕರ ಇದೆ. ಮೊದಲು ಒಂದು ಡ್ರಿಲ್ಲಿಗೆ ಇಬ್ಬರು ಬೇಕಿತ್ತು. ಆಮೇಲೆ ಒಬ್ಬನೇ ನಡೆಸೋ ಹಗುರ ಡ್ರಿಲ್ ತಂದ್ರು, ಕಂಪನಿಗೆ ಉಳಿತಾಯ. ಕೂಲಿಗಳಿಗೆ ಒಂದು ಕಡೆ ಕೆಲಸ ಹೋಗೋ ಭಯ, ಇನ್ನೊಂದು ಕಡೆ, ಒಬ್ಬನೇ ಕೊರೀತಿರುವಾಗ ಮೇಲಿಂದ ಬಂಡೆ ಬಿದ್ರೆ ಕೂಗಿದ್ರೂ ಕೇಳೋರಿಲ್ಲ. ಅದಕ್ಕೆ ಅವ್ರು ಇಟ್ಟ ಹೆಸರು "ವಿಡೋ ಮೇಕರ್", ಹೆಂಡತಿಯನ್ನ ವಿಧವೆ ಮಾಡೋ ಯಂತ್ರ ಅಂತ. 1913ರ ಜುಲೈನಲ್ಲಿ ಇಡೀ ತಾಮ್ರ ನಾಡಲ್ಲಿ ಮುಷ್ಕರ ಶುರುವಾಯ್ತು, ಕೂಲಿ, ಕೆಲಸದ ಗಂಟೆ, ಯೂನಿಯನ್ ಮಾನ್ಯತೆ, ಈ ಡ್ರಿಲ್, ಎಲ್ಲಾ ಸೇರಿ. ಆ ವರ್ಷ ಕ್ರಿಸ್ಮಸ್ ಹಿಂದಿನ ಸಂಜೆ ಹತ್ತಿರದ ಕ್ಯಾಲುಮೆಟ್‌ನಲ್ಲಿ, ಇಟಾಲಿಯನ್ ಹಾಲ್ ಅನ್ನೋ ಕಟ್ಟಡದಲ್ಲಿ ಮುಷ್ಕರದವರ ಮಕ್ಕಳಿಗೆ ಹಬ್ಬ ಇಟ್ಕೊಂಡಿದ್ರು. ಯಾರೋ "ಬೆಂಕಿ" ಅಂತ ಕೂಗಿದ್ರು, ಬೆಂಕಿ ಇರ್ಲಿಲ್ಲ. ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 73 ಜನ ಸತ್ರು, ಅದರಲ್ಲಿ 59 ಮಕ್ಕಳು. ಮುಂದಿನ ಏಪ್ರಿಲ್‌ನಲ್ಲಿ ಮುಷ್ಕರ ಸೋತು ಮುಗೀತು, ಡ್ರಿಲ್ ಉಳೀತು.

ನಾನು ಅಮ್ಮ, ಇದನ್ನ ಬರೆಯೋವಾಗ ಕೈ ನಡುಗತ್ತೆ. ಹಾಯ್ಸ್ಟಿನ ಪಕ್ಕ ಆ ಡ್ರಿಲ್ಲಿನ ಕಥೆಯನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರ್ದಿಡ್ಬೇಕು ಅಂತ ನನ್ನ ಆಸೆ.

ತಾಮ್ರದತಂತಿ:

ದೀಪದಕುಡಿ ಮೇಡಂ, ತುಂಬಾ ಸರಿಯಾದ ಮಾತು. ಇದರ ಜೊತೆ ಇನ್ನೊಂದು ಸೇರಿಸ್ತೀನಿ. ಪುಡಿ ಮಾಡಿ ತಾಮ್ರ ತೆಗೆದು ಉಳಿದ ಮರಳನ್ನೆಲ್ಲ ಟಾರ್ಚ್ ಲೇಕ್ ಅನ್ನೋ ಕೆರೆಗೆ ಸುರಿದ್ರು, ಸುತ್ತಲ ಗಿರಣಿಗಳೆಲ್ಲ ಸೇರಿ ಸುಮಾರು 20 ಕೋಟಿ ಟನ್. ಆಮೇಲೆ ಅದೇ ಮರಳಲ್ಲಿ ಬಿಟ್ಟುಹೋದ ತಾಮ್ರ ಹೀರಕ್ಕೆ ತೇಲೋ ಡ್ರೆಡ್ಜ್, ಅಂದ್ರೆ ತಳದ ಮರಳನ್ನ ಮೇಲೆತ್ತೋ ದೋಣಿಯಂಥ ಯಂತ್ರ, ಇಟ್ರು. ಆ ಡ್ರೆಡ್ಜ್ 1967ರ ಚಳಿಗಾಲದಲ್ಲಿ ದಡದ ಹತ್ತಿರವೇ ಮುಳುಗಿ, ಇವತ್ತಿಗೂ ಅರ್ಧ ನೀರಲ್ಲಿ ಅರ್ಧ ಹೊರಗೆ ಓರೆಯಾಗಿ ಕೂತಿದೆ, ರಸ್ತೆಯಿಂದಲೇ ಕಾಣತ್ತೆ. ಹಾಯ್ಸ್ಟಿಗೆ ಸೂರಿದೆ, ಅದಕ್ಕಿಲ್ಲ, ವರ್ಷಾ ವರ್ಷಾ ಕರಗ್ತಿದೆ. ನನ್ನ ಕೇಳಿದ್ರೆ ದುಡ್ಡಿದ್ರೆ ಮೊದಲು ಅಲ್ಲಿಗೆ ಹಾಕ್ಬೇಕು.

ಸುತ್ತಾಟಪ್ರಿಯ:

ಎಲ್ರಿಗೂ ಕೈ ಮುಗಿದೆ, ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟು ಸಿಕ್ತು. ಮುಂದಿನ ಬೇಸಿಗೆಗೆ ಅಪ್ಪನ್ನ ಕರ್ಕೊಂಡು ಮತ್ತೆ ಹೋಗ್ತಿದೀನಿ, ಈ ಸಲ ಡ್ರೆಡ್ಜ್, ಇಟಾಲಿಯನ್ ಹಾಲಿನ ಜಾಗ ಎರಡೂ ನೋಡ್ಬೇಕು. ಹಾಯ್ಸ್ಟ್ ಹತ್ತಿರ ಇನ್ನೇನಾದ್ರೂ ಬಿಡ್ಬಾರ್ದು ಅನ್ನೋದು ಇದ್ರೆ ಹೇಳಿ.

ಹಗ್ಗದಗಾಲಿ:

ಒಂದು ಕೆಲಸ ಮಾಡಿ. ಒಳಗೆ ಡ್ರಮ್ ನೋಡಿದ ಮೇಲೆ ಹೊರಗೆ ಬಂದು, ಹಗ್ಗ ಗೋಡೆ ದಾಟಿ ಹೊರಗೆ ಹೋಗ್ತಿದ್ದ ಕಡೆ ನಿಂತ್ಕೊಳಿ. ಅಲ್ಲಿಂದ ಶಾಫ್ಟಿನ ಕಡೆ ಹಗ್ಗ ಹೊತ್ತಿದ್ದ ಗಾಲಿ ಕಂಬಗಳ ಗುರುತು ಸಾಲಾಗಿ ಸಿಗತ್ತೆ, ಅದೇ ಗೆರೆ ಹಿಡಿದು ನಡೀರಿ. ಕೊನೆಗೆ ಸುಮಾರು 150 ಅಡಿ ಎತ್ತರದ ಉಕ್ಕಿನ ರಾಕ್‌ಹೌಸ್, 1908ರದ್ದು, ಸ್ಕಿಪ್ ಮೇಲೆ ಬಂದು ತಾನೇ ಮಗುಚಿ ಕಲ್ಲು ಸುರೀತಿದ್ದದ್ದು ಅಲ್ಲಿ. ಆ ನಡಿಗೆ ಮಾಡಿದ್ರೆ ಯಂತ್ರವನ್ನ ಕಿತ್ತು ದೊಡ್ಡ ಪಟ್ಟಣದ ಮ್ಯೂಸಿಯಮ್ಮಿಗೆ ಯಾಕೆ ಒಯ್ಯಲಿಲ್ಲ ಅಂತ ಕಾಲಿಗೇ ಗೊತ್ತಾಗತ್ತೆ. ಸುರಂಗದ ಟೂರಿಗೂ ಹೋಗಿ, ಹಲ್ಲುಗಾಲಿ ರೈಲಲ್ಲಿ ಗುಡ್ಡ ಇಳಿಸ್ತಾರೆ, ಒಳಗೆ ಬೇಸಿಗೆಯಲ್ಲೂ 6 ಡಿಗ್ರಿ ಸೆಲ್ಸಿಯಸ್ ಅಷ್ಟೇ ಇರೋದು, ಅಪ್ಪಾಜಿಗೆ ಸ್ವೆಟರ್ ಮರೀಬೇಡಿ. ಮತ್ತೆ ಆ ಡಯಲ್ಲಿನ ಒಂದು ಒಳ್ಳೇ ಫೋಟೋ ತೆಗೆದು ಇಲ್ಲಿ ಹಾಕಿ, ಅದರ ಮೇಲೆ ಹಂತಗಳನ್ನ ಹೇಗೆ ಗುರುತು ಹಾಕಿದಾರೆ ಅಂತ ನಾನು ನೋಡ್ಬೇಕು.